ಕೆಂಪು ಕ್ಯಾಲಿಪರ್ ಮತ್ತು ಅಪ್ಪಯ್ಯನ ಬಲಗಾಲು

ಬಾಳೆಬರೆ ಘಾಟಿ ಇಳಿದು ಹೊಸಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಘಾಟಿ ಇಳಿದ ಗಾಡಿಯಿಂದ ಬ್ರೇಕಿನ ವಾಸನೆ ಬರುವುದೇನೂ ಹೊಸದಲ್ಲ. ಆದರೆ ಇದು ಮುಂದಿನ ಎಡಚಕ್ರದಿಂದ ಮಾತ್ರ ಬರುತ್ತಿತ್ತು. ಅಪ್ಪಯ್ಯ ಇಳಿದು ಬಲಚಕ್ರದ ಬಳಿ ಮುಂಗೈ ಹಿಡಿದು ನೋಡಿದರು. ಅದೇ ಕೈಯನ್ನು ಎಡಚಕ್ರದ ಬಳಿ ಒಯ್ದು ಸರಕ್ಕನೆ ಹಿಂದಕ್ಕೆಳೆದುಕೊಂಡರು. "ಬ್ರೇಕ್ ಹಿಡಿದದ್ದು ಬಿಡುತ್ತಿಲ್ಲ. ಕಾರು ಎಡಕ್ಕೆ ಎಳೆಯುತ್ತದೆ ಎಂದು ತಿಂಗಳಿಂದ ಹೇಳುತ್ತಿದ್ದೆಯಲ್ಲ, ಅದು ಇದೇ" ಎಂದರು. ಮೂವತ್ತು ವರ್ಷ ಕರಾವಳಿಯ ರಸ್ತೆಗಳಲ್ಲಿ ಬಸ್ಸು ಓಡಿಸಿದವರು. ಅವರ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ.

ನಮ್ಮ ಮನೆ ಕುಂದಾಪುರದ ಕಡೆ, ಕಡಲಿಗೆ ಹತ್ತಿರ. ಇಲ್ಲಿ ಕಿಟಕಿಯ ಸರಳು, ಬಾವಿಯ ರಾಟೆ, ಸೈಕಲ್ಲಿನ ಚೈನು ಯಾವುದನ್ನೂ ಉಪ್ಪುಗಾಳಿ ಬಿಡುವುದಿಲ್ಲ. 2011ರ ಕಾರು ಇಷ್ಟು ವರ್ಷ ತಾಳಿದ್ದೇ ದೊಡ್ಡದು. ಚಕ್ರ ಬಿಚ್ಚಿ ನೋಡಿದರೆ, ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್ ಹಳೆಯ ನೇಗಿಲಿನ ಗುಳದ ಹಾಗೆ ಪದರಪದರವಾಗಿ ತುಕ್ಕು ಹಿಡಿದಿತ್ತು. ಗ್ಯಾರೇಜಿಗೆ ಒಯ್ಯಬಹುದಿತ್ತು. ಆದರೆ ದೀಪಾವಳಿಗೆ ನಾಲ್ಕು ದಿನ ರಜೆಯಿತ್ತು, ಮತ್ತು ನಿಜ ಹೇಳಬೇಕೆಂದರೆ ನನಗೆ ಕೆಂಪು ಬಣ್ಣದ ಆಸೆಯಿತ್ತು. ದುಬಾರಿ ಕಾರುಗಳ ಚಕ್ರದ ಕಡ್ಡಿಗಳ ನಡುವಿನಿಂದ ಇಣುಕುವ ಕೆಂಪು ಕ್ಯಾಲಿಪರ್‌ಗಳನ್ನು ನೋಡಿ ನೋಡಿ ಹುಟ್ಟಿದ ಆಸೆ. "ನಮ್ಮ ಕಾರಿನ ಚಕ್ರಕ್ಕೆ ಪ್ಲಾಸ್ಟಿಕ್ ಮುಚ್ಚಳವಿದೆಯಲ್ಲ, ಒಳಗಿನ ಬಣ್ಣ ಯಾರಿಗೆ ಕಾಣಬೇಕು?" ಎಂದು ಹೆಂಡತಿ ಕೇಳಿದಳು. ಉತ್ತರವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿ ನೆಲದ ಮೇಲಿದ್ದಾಗಲೇ ಚಕ್ರದ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜ್ಯಾಕ್ ಏರಿಸಿದೆ. ಪಕ್ಕದ ಮನೆಯವರು ಎರಡು ಕೆಂಪುಕಲ್ಲು ತಂದು, ಅಡಿಗೆ ಇಡು ಎಂದರು. ಗೋಡೆಗೆ ಒಳ್ಳೆಯದೇ ಆದರೂ ಕಾರಿನ ಭಾರಕ್ಕೆ ಆ ಕಲ್ಲು ಯಾವ ಗಳಿಗೆಯಲ್ಲಿ ಪುಡಿಯಾದೀತೆಂದು ಹೇಳಲಾಗದು. ಅವರಿಗೆ ಬೇಸರವಾದರೂ ಸರಿಯೆಂದು ಬಾಡಿಗೆಗೆ ತಂದ ಕಬ್ಬಿಣದ ಸ್ಟ್ಯಾಂಡುಗಳನ್ನೇ ಕೊಟ್ಟೆ.

ಬಿಚ್ಚುವ ಕೆಲಸ ಅರ್ಧ ದಿನ ತಿಂದಿತು. ಎಡ ಕ್ಯಾಲಿಪರ್ ಅತ್ತಿತ್ತ ಜಾರಬೇಕಾದ ಎರಡು ಪಿನ್ನುಗಳಲ್ಲಿ ಒಂದು ಗ್ರೀಸು ಒಣಗಿ ಗಟ್ಟಿಯಾಗಿ ಕೂತಿತ್ತು. ಪ್ಯಾಡನ್ನು ತಳ್ಳುವ ಪಿಸ್ಟನ್ ಅಂತೂ ಕೈಗೆ ಜಗ್ಗಲಿಲ್ಲ. ಕ್ಯಾಲಿಪರ್ ಅನ್ನು ಚೀಲದಲ್ಲಿ ಹಾಕಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಬಾಯಿಗೆ ಮರದ ತುಂಡು ಅಡ್ಡ ಇಟ್ಟು, ಬ್ರೇಕ್ ಆಯಿಲ್ ಬರುವ ತೂತಿಗೆ ಗಾಳಿ ಕೊಟ್ಟರೆ ಪಿಸ್ಟನ್ ಹೊರಬರುತ್ತದೆ. "ಬೆರಳು ಆಚೆ ತೆಗೆಯಿರಿ ಮಾರಾಯರೆ" ಎಂದು ಅಂಗಡಿಯವರು ಕೂಗಿದರು. ಎರಡು ಕ್ಷಣ ಏನೂ ಇಲ್ಲ. ಮೂರನೆಯದಕ್ಕೆ ಸಿಡಿಮದ್ದು ಒಡೆದಂಥ ಸದ್ದು. ಮರದ ಮೇಲೆ ಅಚ್ಚೊತ್ತಿದ ಗುಂಡನೆಯ ಗಾಯ ನೋಡಿ ನನ್ನ ಬೆರಳುಗಳನ್ನು ಇನ್ನೊಮ್ಮೆ ಎಣಿಸಿಕೊಂಡೆ.

ಆ ಪಿಸ್ಟನ್ನಿನ ಸುತ್ತ ಒಳಗೆ ಒಂದು ರಬ್ಬರ್ ಬಳೆಯಿದೆ, ಚೌಕ ಅಂಚಿನದು. ಇಡೀ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಅದು. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ. ಬಳೆ ಅದನ್ನು ಬಿಡದೆ ಹಿಡಿದುಕೊಂಡು ತುಸು ತಿರುಚಿಕೊಳ್ಳುತ್ತದೆ. ಕಾಲು ತೆಗೆದಾಗ ಬಳೆ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಕರೆದುಕೊಳ್ಳುತ್ತದೆ. ಬ್ರೇಕ್ 'ಬಿಡುವುದು' ಎಂದರೆ ಅಷ್ಟೇ, ಒಳಗೆ ಸ್ಪ್ರಿಂಗೂ ಇಲ್ಲ. ನಮ್ಮ ಎಡ ಪಿಸ್ಟನ್ನಿನ ಮೈಮೇಲೆ ಉಗುರಿಗೆ ತಡೆಯುವಂಥ ತುಕ್ಕಿನ ಗುಳಿಗಳಿದ್ದವು. ಪಾಪ, ರಬ್ಬರ್ ಬಳೆ ಎಷ್ಟೆಂದು ಎಳೆದೀತು? ಎಡಕ್ಕೆ ಹೊಸ ಪಿಸ್ಟನ್, ಎರಡಕ್ಕೂ ಹೊಸ ರಬ್ಬರ್ ಕಿಟ್, ಹೊಸ ತಾಮ್ರದ ವಾಷರುಗಳು ಎಂದು ಚೀಟಿ ಬರೆದು ಉಡುಪಿಯಿಂದ ತರಿಸಿದೆ.

ಸೀಮೆಸುಣ್ಣದಲ್ಲಿ ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ' ಎಂದು ಬರೆದಿದ್ದೆ. ಆಮೇಲೆ ಎರಡನ್ನೂ ವೈರ್ ಬ್ರಷ್‌ನಿಂದ ಉಜ್ಜಿ, ಸೋಪುನೀರಿನಲ್ಲಿ ತಿಕ್ಕಿ ತೊಳೆದೆ. ಸೀಮೆಸುಣ್ಣವೂ ತೊಳೆದುಹೋಗುತ್ತದೆ ಎಂಬುದು ಮೂರನೆಯ ತರಗತಿಯ ಹುಡುಗನಿಗೂ ಗೊತ್ತು.

ಶನಿವಾರ ಬಣ್ಣ. ಪಿಸ್ಟನ್ ಕೂರುವ ಬಾಯಿ, ಪಿನ್ನಿನ ತೂತುಗಳು, ಪ್ಯಾಡ್ ಜಾರುವ ಜಾಗ ಎಲ್ಲಕ್ಕೂ ಟೇಪು ಸುತ್ತಿ, ಜಗಲಿಯ ಉಯ್ಯಾಲೆಯ ಎರಡು ಕೊಕ್ಕೆಗಳಿಗೆ ಒಂದೊಂದನ್ನು ತಂತಿಯಲ್ಲಿ ನೇತುಹಾಕಿದೆ. ಬಿಸಿ ತಡೆಯುವ ಬಣ್ಣವೇ ಬೇಕು. ಗೇಟಿಗೆ ಬಳಿಯುವ ಎನಾಮೆಲ್ ಇಲ್ಲಿ ಬಾಳುವುದಿಲ್ಲ. ದಪ್ಪಗೆ ಒಂದೇ ಸಲ ಹೊಡೆದರೆ ಕಣ್ಣೀರಿನ ಹಾಗೆ ಇಳಿಯುತ್ತದೆಂದು ತೆಳುವಾಗಿ ಮೂರು ಸಲ ಸಿಂಪಡಿಸಿದೆ. ಸಂಜೆ ಹೇಳದೆ ಕೇಳದೆ ಗುಡುಗಿನೊಂದಿಗೆ ಮಳೆ ಬಂತು. ಇರಚಲು ಹೊಡೆಯುತ್ತದೆಂದು ಹೆಂಡತಿ ಎರಡನ್ನೂ ಬಿಚ್ಚಿ ಒಳಗೆ ಪತ್ರಿಕೆಯ ಮೇಲೆ ಇಟ್ಟಳು. ಎಡದ ಕೊಕ್ಕೆಯದು ಎಡಕ್ಕೆ ಎಂಬ ನನ್ನ ಮನಸ್ಸಿನ ಲೆಕ್ಕ ಅವಳಿಗೆ ಹೇಗೆ ಗೊತ್ತಾಗಬೇಕು!

ಭಾನುವಾರ ಸಂಜೆ ಜೋಡಿಸಿದೆ. ರಬ್ಬರ್ ಬಳೆಗೆ ಹೊಸ ಬ್ರೇಕ್ ಆಯಿಲ್ ಸವರಿದೆ, ಪಿನ್ನಿಗೆ ಸಿಲಿಕೋನ್ ಗ್ರೀಸು ಹಚ್ಚಿದೆ. ಮಾಮೂಲಿ ಗ್ರೀಸು ಅಲ್ಲಿಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ನಾವು ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 4 ಎಂದು ಬರೆದದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಅದೇ ಮಟ್ಟ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವವರಿಗೆ ಈ ಎರಡು ಸಂಖ್ಯೆಗಳ ನಡುವಿನ ಅಂತರ ಸಣ್ಣದಲ್ಲ. ಬಣ್ಣವನ್ನು ಕರಗಿಸುವುದರಲ್ಲೂ ಅದು ನಿಸ್ಸೀಮ. ಒಂದು ಹನಿ ಹೊಸ ಕೆಂಪಿನ ಮೇಲೆ ಬಿತ್ತು. ಚೊಂಬು ನೀರು ಸುರಿದು ತೊಳೆಯುವಷ್ಟರಲ್ಲೇ ಅಲ್ಲಿ ಸಣ್ಣ ಸುಕ್ಕು ಮೂಡಿತ್ತು.

ಕೊನೆಗೆ ಬ್ರೇಕಿನ ಪೈಪಿನೊಳಗೆ ಸೇರಿಕೊಂಡ ಗಾಳಿ ತೆಗೆಯುವ ಕೆಲಸ. ಅಪ್ಪಯ್ಯ ಒಳಗೆ ಕೂತರು, ನಾನು ಚಕ್ರದ ಬಳಿ, ಗಾಳಿ ಹೊರಬಿಡಲು ಕ್ಯಾಲಿಪರಿನಲ್ಲಿರುವ ನಿಪ್ಪಲ್ಲಿಗೆ ಕೊಳವೆ ಸಿಕ್ಕಿಸಿ ತುದಿಯನ್ನು ಬಾಟಲಿಗೆ ಇಳಿಬಿಟ್ಟೆ.

"ಒತ್ತಿ ಅಪ್ಪಯ್ಯ."

"ಒತ್ತಿದ್ದೇನೆ."

"ಬಿಡಬೇಡಿ... ಈಗ ಬಿಡಿ."

ಇಪ್ಪತ್ತು ಸಲ, ಮೂವತ್ತು ಸಲ. ಗುಳ್ಳೆ ಬರುವುದು ನಿಂತಿತು. ಆಯಿತೆಂದು ಎದ್ದೆ. ಅಪ್ಪಯ್ಯ ಪೆಡಲ್ ಒತ್ತಿ ನೋಡಿ, "ಕೊಟ್ಟೆ ಕಡುಬು ತುಳಿದ ಹಾಗಿದೆ" ಎಂದರು. ಮತ್ತೆ ಶುರುಮಾಡಿದೆವು. ಅರ್ಧ ಲೀಟರಿನ ಡಬ್ಬಿ ಖಾಲಿಯಾಯಿತು. ಇನ್ನೊಂದು ಡಬ್ಬಿ ತಂದೆ. ಕತ್ತಲಾಯಿತು. ಕಡುಬು ಕಡುಬಾಗಿಯೇ ಉಳಿಯಿತು. ವಾಷರ್ ಬಿಗಿ ಸಾಲದೇನೋ, ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರೇ ಕೆಟ್ಟಿತೇನೋ ಎಂದು ನಾನು ಒಂದೊಂದೇ ಅನುಮಾನ ಹೇಳುತ್ತಿದ್ದೆ.

"ನಮ್ಮ ಬಸ್ಸಿಗೆ ಗಾಳಿ ತುಂಬಿದರೇ ಬ್ರೇಕ್. ನಿನ್ನ ಕಾರಿಗೆ ಗಾಳಿ ಹೊಕ್ಕರೆ ಬ್ರೇಕಿಲ್ಲ. ವಿಚಿತ್ರ ವ್ಯವಹಾರ" ಎಂದು ಅಪ್ಪಯ್ಯ ಕೆಳಗಿಳಿದರು. ಟಾರ್ಚು ತೆಗೆದುಕೊಂಡು ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

"ಆ ಗಾಳಿ ಹೊರಗೆ ಬರುವ ಬಾಯಿ ಯಾವುದು?"

ನಿಪ್ಪಲ್ ತೋರಿಸಿದೆ.

"ಗುಳ್ಳೆ ಮೇಲಕ್ಕೆ ಏರುತ್ತದೋ ಕೆಳಕ್ಕೆ ಇಳಿಯುತ್ತದೋ?"

ನಿಪ್ಪಲ್ ಕ್ಯಾಲಿಪರಿನ ಕೆಳತುದಿಯಲ್ಲಿತ್ತು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದೆ. ಬೋಲ್ಟುಗಳು ಎರಡೂ ಕಡೆ ಸರಿಯಾಗಿಯೇ ಹಿಡಿದಿದ್ದವು. ರಬ್ಬರ್ ಪೈಪು ಮಾತ್ರ ಸ್ವಲ್ಪ ಮುರಿದುಕೊಂಡಂತೆ ಕೂತಿತ್ತು. ಜೋಡಿಸುವಾಗ ಅದು ಕಣ್ಣಿಗೆ ಬಿದ್ದಿತ್ತು, ಕೆಂಪು ಎಷ್ಟು ಚೆನ್ನಾಗಿ ಹೊಳೆಯುತ್ತಿದೆ ಎಂದು ನೋಡುತ್ತ ಬಿಟ್ಟಿದ್ದೆ. ಎರಡು ಗಂಟೆಯಿಂದ ಕೆಳಗಿನ ಬಾಯಿಯಿಂದ ಒಳ್ಳೆಯ ದ್ರವವನ್ನು ಚೆಲ್ಲುತ್ತ, ಮೇಲೆ ಹಾಯಾಗಿ ಕೂತ ಗಾಳಿಯನ್ನು ಕಾಯ್ದುಕೊಂಡು ಬಂದಿದ್ದೆವು. ಪೆಡಲ್ ಒತ್ತಿದಾಗಲೆಲ್ಲ ಮೊದಲು ಕುಗ್ಗುತ್ತಿದ್ದದ್ದು ಆ ಗಾಳಿ.

ಅಪ್ಪಯ್ಯ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. "ಊಟ ಮಾಡಿ ಮಲಗು. ಬ್ರೇಕಿನ ಕೆಲಸವನ್ನು ನಿದ್ದೆಗಣ್ಣಲ್ಲಿ ಮಾಡಬಾರದು" ಎಂದು ಟಾರ್ಚು ಆರಿಸಿ ಒಳಗೆ ಹೋದರು.

ಬೆಳಿಗ್ಗೆ ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದೆ. ಉಳಿದಿದ್ದ ಹೊಸ ವಾಷರುಗಳನ್ನು ಹಾಕಿ, ನಿಪ್ಪಲ್ ಮೇಲಿದೆಯೇ ಎಂದು ಮೂರು ಸಲ ನೋಡಿದೆ. ಎಡದಿಂದ ಶುರುಮಾಡಿದೆವು. ಐದಾರು ಸಲಕ್ಕೆ ಗುಳ್ಳೆಗಳ ದೊಡ್ಡ ಸಾಲೊಂದು ಕೊಳವೆಯಲ್ಲಿ ಸರಿದುಹೋಯಿತು, ಆಮೇಲೆ ಬರಿಯ ದ್ರವ. ಅಪ್ಪಯ್ಯ ಇನ್ನೊಮ್ಮೆ ಒತ್ತಿದರು. ಬಲಗಾಲು ಅರ್ಧದಲ್ಲೇ ನಿಂತಿತು. "ಈಗ ಕಲ್ಲು" ಎಂದರು.

ರಸ್ತೆಗೆ ಇಳಿಸುವ ಮೊದಲು ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿದೆವು. ಬ್ರೇಕಿನ ವಿಷಯದಲ್ಲಿ ನನ್ನ ಮೇಲೆ ನನಗೇ ಅಷ್ಟು ನಂಬಿಕೆ ಉಳಿದಿರಲಿಲ್ಲ. ಅವನು ಬೋಲ್ಟುಗಳನ್ನೆಲ್ಲ ಮುಟ್ಟಿ ನೋಡಿ, ಸೋರಿಕೆ ಇಲ್ಲವೆಂದು ಹೇಳಿ, ಕೆಂಪು ಬಣ್ಣದ ಬಗ್ಗೆ ಏನನ್ನೂ ಹೇಳದೆ ಮುಚ್ಚಳ ತಟ್ಟಿ ಕೂರಿಸಿಬಿಟ್ಟ.

ಸಂಜೆ ಮರವಂತೆಯವರೆಗೆ ಅಪ್ಪಯ್ಯನೇ ಓಡಿಸಿದರು. ಕಾರು ಎಡಕ್ಕೆ ಎಳೆಯಲಿಲ್ಲ. ಹೆದ್ದಾರಿ ಬಿಟ್ಟು ನಿಲ್ಲಿಸಿ, ಕಡಲಿನ ಕಡೆ ನೋಡದೆ, ಮೊದಲು ಬಲಚಕ್ರದ ಬಳಿ ಮುಂಗೈ ಹಿಡಿದರು. ಆಮೇಲೆ ಎಡಚಕ್ರದ ಬಳಿ. ಈ ಸಲ ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದರು.