ಕರೆಯಬೇಕಾ, ಬೇಡವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವರ್ಷಕ್ಕೆ ಹತ್ತು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ. "ತಪ್ಪು ತಿಳ್ಕೋಬೇಡಿ, ಮೊನ್ನೆ ಮಗನ ಹುಟ್ಟುಹಬ್ಬ ಇತ್ತು. ನಿಮಗೆ ಕಷ್ಟ ಆಗುತ್ತೇನೋ ಅಂತ ಕರೀಲಿಲ್ಲ. ನಿಮ್ಮ ಮಗಳನ್ನ ಇಂಥದಕ್ಕೆಲ್ಲ ಕರೀಬೇಕಾ, ಬೇಡ್ವಾ?"

ನನ್ನ ಮಗಳಿಗೆ ಈಗ 11 ವರ್ಷ. ಆಟಿಸಂ ಇದೆ, ಅಂದರೆ ಮಾತಾಡುವುದು, ಜನರ ಜೊತೆ ಬೆರೆಯುವುದು, ಸದ್ದು ಬೆಳಕು ತಾಕುವುದು ಎಲ್ಲ ಬೇರೆ ಥರ. ಮಾತು ಕಡಿಮೆ. ಬೇಕಾದ್ದನ್ನು ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಹೇಳುತ್ತಾಳೆ. ಬೇಡದ್ದನ್ನು ಹೇಳಲು ಅವಳಿಗೆ ಟ್ಯಾಬ್ಲೆಟ್ ಬೇಕಾಗಿಲ್ಲ.

ನನ್ನ ಉತ್ತರ ಇಷ್ಟೇ: ಕರೆಯಿರಿ. ಬರುತ್ತೇವೋ ಇಲ್ಲವೋ ಅದು ನಮ್ಮ ತಲೆನೋವು. ನಾಲ್ಕು ಸಲ ಕರೆದಾಗಲೂ ಬರಲಿಲ್ಲ ಅಂತ ಐದನೆಯ ಸಲ ಬಿಡಬೇಡಿ. ಕರೆಯುವುದು ನಿಂತ ದಿನ ಯಾರೂ ಬಂದು ತಿಳಿಸುವುದಿಲ್ಲ ನೋಡಿ. ಮೂರು ವರ್ಷ ಆದ ಮೇಲೆ ಒಂದು ದಿನ ಸುಮ್ನೆ ಲೆಕ್ಕ ಹಾಕಿದಾಗ ಗೊತ್ತಾಗುತ್ತದೆ, ಫೋನಿನಲ್ಲಿ ಬರೀ ಥೆರಪಿ ಸಮಯದ ಮೆಸೇಜುಗಳೇ ಉಳಿದಿವೆ ಅಂತ.

ಆದರೆ "ಕರೆಯಿರಿ" ಅಂದರೆ ಅರ್ಧ ಉತ್ತರ. ಯಾರಾದರೂ ಕರೆದಾಗ ನಾನೂ ನನ್ನ ಹೆಂಡತಿಯೂ ಮೊದಲು ಯೋಚಿಸುವುದು ಹೇಗೆ ಹೋಗುವುದು ಅಂತ ಅಲ್ಲ, ಹೇಗೆ ಎದ್ದು ಬರುವುದು ಅಂತ. ಕಾರು ಎಲ್ಲಿ ನಿಲ್ಲಿಸಬೇಕು, ಬಾಗಿಲು ಯಾವ ಕಡೆ ಇದೆ, ವೇದಿಕೆ ಮುಂದೆ ಹಾದು ಹೋಗಬೇಕಾ, ಯಾರಿಗೆ ಏನು ಹೇಳಿ ಹೊರಡಬೇಕು. ಇದಕ್ಕೆಲ್ಲ ಸುಲಭದ ಉತ್ತರ ಸಿಕ್ಕರೆ ಹೋಗುತ್ತೇವೆ. ಸಿಗದಿದ್ದರೆ "ಅವಳಿಗೆ ಸ್ವಲ್ಪ ನೆಗಡಿ" ಅನ್ನುತ್ತೇವೆ. ಪಾಪ, ನನ್ನ ಮಗಳಿಗೆ ಬಂದಷ್ಟು ನೆಗಡಿ ಯಾರಿಗೂ ಬಂದಿರಲಿಕ್ಕಿಲ್ಲ.

ಅಷ್ಟೊಂದು ಕಷ್ಟ ಏನಿದೆ ಒಂದು ಹಾಲ್‌ನಲ್ಲಿ? ನಿಮಗೆ ಕೇಳದ ಟ್ಯೂಬ್‌ಲೈಟಿನ ಗುಂಯ್ ಸದ್ದು ಅವಳಿಗೆ ಕೇಳುತ್ತದೆ. ಮೈಕ್ ಒಮ್ಮೆ ಕಿರುಚಿದರೆ ನೀವು ಮುಖ ಸಿಂಡರಿಸಿ ಮರೆತುಬಿಡುತ್ತೀರಿ. ಅವಳಿಗೆ ಅದು ಮತ್ತೆ ಯಾವಾಗ ಕಿರುಚುತ್ತದೋ ಅನ್ನುವ ಭಯ ಕೊನೆಯವರೆಗೂ ಬಿಡುವುದಿಲ್ಲ. ಟಾಯ್ಲೆಟ್‌ನ ಕೈ ಒಣಗಿಸುವ ಮೆಷಿನ್ ಅಂತೂ ಕೇಳಲೇಬೇಡಿ. ಇದೆಲ್ಲ ಬಹಳ ಕಾಲ ಆಟಿಸಂನ ಪಕ್ಕದ ವಿಷಯ ಅನ್ನಿಸಿಕೊಂಡಿತ್ತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂನ ಐದನೆಯ ಆವೃತ್ತಿ 2013ರಲ್ಲಿ ಬಂದಾಗಷ್ಟೇ, ಸದ್ದು ಬೆಳಕು ಮುಟ್ಟುವಿಕೆ ಅತಿಯಾಗಿ ತಾಕುವುದು ಅಥವಾ ತಾಕದೇ ಇರುವುದು ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಗೆ ಸೇರಿತು. ತಾಕದೇ ಇರುವುದೂ ಇದೆ, ಗಮನಿಸಿ. ಇದೇ ಹುಡುಗಿ ಹತ್ತು ನಿಮಿಷ ಗಿರಗಿರ ತಿರುಗಿದರೂ ತಲೆ ಸುತ್ತು ಅನ್ನುವುದಿಲ್ಲ. ಮೇಲೆ ದಪ್ಪ ಕಂಬಳಿ ಹೊದಿಸಿದರೆ ಖುಷಿ. ಒಬ್ಬ ಮಗುವಿನ ಬಗ್ಗೆ ಕಲಿತದ್ದು ಇನ್ನೊಬ್ಬರಿಗೆ ಉಲ್ಟಾ ಆಗಬಹುದು.

ಸದ್ದಿಗಿಂತ ಜಾಸ್ತಿ ಕಾಡುವುದು "ಇನ್ನೇನು ಶುರುವಾಗುತ್ತೆ" ಅನ್ನುವ ಮಾತು. ಇನ್ನೇನು ಅಂದರೆ ಎಷ್ಟು? ನಮಗೆ ಅದು ಕಾಯುವ ಹೊತ್ತು, ಅವಳಿಗೆ ಅಂಚೇ ಕಾಣದ ಕತ್ತಲು. ಮೊದಲು ಏನು, ಆಮೇಲೆ ಏನು, ಯಾವಾಗ ಮನೆ. ಇಷ್ಟು ಚಿತ್ರದಲ್ಲಿ ತೋರಿಸಿದರೆ ಅರ್ಧ ಭಾರ ಇಳಿಯುತ್ತದೆ. ಅದಕ್ಕೇ ಕರೆಯುವವರ ಹತ್ತಿರ ನಾನು ಹಾಲ್‌ನ ಫೋಟೋ ಕೇಳುತ್ತೇನೆ. ಕೆಲವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಒಂದು ಕತೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಏಪ್ರಿಲ್ 2ರಂದು ಒಂದು ಸಂಸ್ಥೆಯವರು ಆಟಿಸಂ ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಆ ದಿನ ವಿಶ್ವ ಆಟಿಸಂ ಜಾಗೃತಿ ದಿನ. 2007ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ನಿರ್ಣಯ ಮಾಡಿತು, 2008ರಿಂದ ಆಚರಣೆ ನಡೆಯುತ್ತಿದೆ. ನಮ್ಮನ್ನೆಲ್ಲ ಪ್ರೀತಿಯಿಂದಲೇ ಕರೆದಿದ್ದರು. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಎರಡೂ ಕಡೆ ಆಳೆತ್ತರದ ಸ್ಪೀಕರ್. ಮೇಲೆ ಬಣ್ಣಬಣ್ಣದ ಬಲೂನು. ಭಾಷಣ ಶುರುವಾಗಿ ಐದು ನಿಮಿಷಕ್ಕೆ ಒಂದು ಬಲೂನು ಒಡೆಯಿತು. ಚಪ್ಪಾಳೆ ಬಿತ್ತು, ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹತ್ತು ನಿಮಿಷದೊಳಗೆ ಮುಂದಿನ ಸಾಲು ಪೂರ್ತಿ ಖಾಲಿ. ನಾವೆಲ್ಲ ಹೊರಗೆ ಮೆಟ್ಟಿಲ ಮೇಲೆ, ಕಿವಿ ಮುಚ್ಚಿಕೊಂಡ ಮಕ್ಕಳ ಜೊತೆ. ಒಳಗೆ ಆಟಿಸಂ ಬಗ್ಗೆ ಜಾಗೃತಿ ಮುಂದುವರಿದಿತ್ತು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮೆಟ್ಟಿಲ ಮೇಲೆ ಸಿಕ್ಕವರೇ ಈಗ ನನ್ನ ಗೆಳೆಯರು. ನಾವು ಏಳೆಂಟು ಮನೆಯವರು ಅವತ್ತಿನಿಂದ ತಿಂಗಳಿಗೊಮ್ಮೆ ಸೇರುತ್ತಿದ್ದೇವೆ.

ಹೀಗೆ ಅಪ್ಪ ಅಮ್ಮಂದಿರು ಒಟ್ಟಾಗುವುದು ಹೊಸದೇನಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದ. ಆಮೇಲಿನ ಎರಡು ದಶಕ ತಪ್ಪನ್ನೆಲ್ಲ ತಾಯಂದಿರ ತಲೆಗೆ ಕಟ್ಟಿದರು. ಪ್ರೀತಿ ಇಲ್ಲದ ತಣ್ಣಗಿನ ತಾಯಿ ಅಂತ "ರೆಫ್ರಿಜರೇಟರ್ ಮದರ್" ಎಂಬ ಹೆಸರೇ ಇತ್ತು. ಒಬ್ಬಳೇ ಮನೆಯಲ್ಲಿ ಕೂತು ಇದನ್ನು ಕೇಳಿಸಿಕೊಂಡ ತಾಯಿಯ ಸ್ಥಿತಿ ಯೋಚಿಸಿ. 1962ರಲ್ಲಿ ಲಂಡನ್ನಿನಲ್ಲಿ ಕೆಲವು ಪೋಷಕರು ಸೇರಿ ಒಂದು ಸಂಘ ಕಟ್ಟಿದರು. ಅದೇ ಇವತ್ತಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಕಟ್ಟಿದವರಲ್ಲಿ ಲೋರ್ನಾ ವಿಂಗ್ ಒಬ್ಬರು. ಆಕೆ ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿಯೂ ಹೌದು. ಅಮೆರಿಕದಲ್ಲಿ 1965ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಮತ್ತು ಇತರ ಪೋಷಕರು ಇಂಥದ್ದೇ ಸಂಘ ಮಾಡಿದರು. ತಪ್ಪು ನಿಮ್ಮದಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಆಗ ದೊಡ್ಡ ಕೆಲಸವಾಗಿತ್ತು. ನಮ್ಮ ಗುಂಪಿಗೆ ಹೊಸಬರು ಬಂದಾಗ ಈಗಲೂ ಮೊದಲ ಅರ್ಧ ಗಂಟೆ ಅದೇ ನಡೆಯುತ್ತದೆ.

ಆದರೆ ನಮ್ಮ ಕೂಟಕ್ಕೆ ಜಾಸ್ತಿ ಉಪಯೋಗ ಆಗಿದ್ದು ಪೋಷಕರಿಂದ ಕಲಿತದ್ದಲ್ಲ, ಆಟಿಸಂ ಇರುವ ದೊಡ್ಡವರಿಂದ ಕಲಿತದ್ದು. ಜಿಮ್ ಸಿಂಕ್ಲೇರ್ ಮತ್ತು ಗೆಳೆಯರು 1996ರಿಂದ ಅಮೆರಿಕದಲ್ಲಿ ಆಟ್ರೀಟ್ ಎಂಬ ಶಿಬಿರ ನಡೆಸುತ್ತಿದ್ದರು. ಆಟಿಸಂ ಇರುವವರೇ, ತಮಗಾಗಿ, ತಮಗೆ ಹೊಂದುವ ಹಾಗೆ ಮಾಡಿಕೊಂಡದ್ದು. ಅಲ್ಲಿ ಬಣ್ಣದ ಬ್ಯಾಡ್ಜ್ ಇರುತ್ತಿತ್ತು. ಕೆಂಪು ಹಾಕಿಕೊಂಡರೆ ಯಾರೂ ಮಾತಾಡಿಸಬೇಡಿ. ಹಳದಿ ಅಂದರೆ ಪರಿಚಯ ಇದ್ದವರು ಮಾತಾಡಿಸಬಹುದು. ಹಸಿರು ಅಂದರೆ ನನಗೆ ಮಾತಾಡುವ ಆಸೆ ಇದೆ, ಶುರು ಮಾಡಲು ಬರುವುದಿಲ್ಲ, ನೀವೇ ಶುರು ಮಾಡಿ. ಆ ಹಸಿರು ಬ್ಯಾಡ್ಜಿನ ವಿಷಯ ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ದೂರ ಕೂತ ಮಗು ಒಂಟಿಯಾಗಿ ಇರಬೇಕು ಅಂತಲೇ ದೂರ ಕೂತಿದೆ ಅಂದುಕೊಂಡಿದ್ದೆನಲ್ಲ.

ನಮ್ಮ ಮೊದಲ ಕೂಟ ಪೂರ್ತಿ ಕೆಟ್ಟಿತು. ಆಟ, ಬಹುಮಾನ, ಎಲ್ಲರೂ ವೃತ್ತದಲ್ಲಿ ಕೂತು ಹೆಸರು ಹೇಳುವುದು ಅಂತ ದೊಡ್ಡ ಪಟ್ಟಿ ಮಾಡಿದ್ದೆವು. ಯಾರೂ ವೃತ್ತದಲ್ಲಿ ಕೂರಲಿಲ್ಲ. ಬಹುಮಾನ ಬಂದ ರಟ್ಟಿನ ಡಬ್ಬಿಯೊಳಗೆ ಒಬ್ಬ ಹುಡುಗ ಒಂದು ಗಂಟೆ ಕೂತು ನಗುತ್ತಿದ್ದ, ಅವನೊಬ್ಬನೇ ಅವತ್ತು ಸುಖವಾಗಿದ್ದವನು. ಎರಡನೆಯ ಸಲ ಪಟ್ಟಿ ಬಿಟ್ಟೆವು. ಪ್ರತಿ ಸಲ ಅದೇ ಜಾಗ, ಅದೇ ಸಮಯ. ಎರಡು ಕೋಣೆ. ಒಂದರಲ್ಲಿ ಮಂದ ಬೆಳಕು, ದಿಂಬು, ಮಾತಿಲ್ಲ. ಇನ್ನೊಂದರಲ್ಲಿ ಕುಣಿಯಬಹುದು, ಕೂಗಬಹುದು. ಮತ್ತೆ ಎಷ್ಟೋ ರಟ್ಟಿನ ಡಬ್ಬಿ.

ಆದರೂ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಒಬ್ಬ ಹುಡುಗನಿಗೆ ಗುನುಗದೆ ಇರಲು ಆಗುವುದಿಲ್ಲ, ಅದರಲ್ಲೇ ಅವನಿಗೆ ಸಮಾಧಾನ. ಆ ಗುನುಗು ನನ್ನ ಮಗಳಿಗೆ ಆಗುವುದಿಲ್ಲ. ಇಬ್ಬರದ್ದೂ ನ್ಯಾಯವೇ. ಆಟಿಸಂ ಇರುವವರಿಗೆ ಅನುಕೂಲ ಮಾಡುವುದು ಅಂದರೆ ಒಂದೇ ಅಳತೆ ಅಂದುಕೊಂಡವರಿಗೆ ಇದನ್ನು ತೋರಿಸಬೇಕು. ಎರಡು ಕೋಣೆ, ಒಂದು ಹೆಡ್‌ಫೋನ್, ಕೆಲವು ಸಲ ಇಬ್ಬರಲ್ಲಿ ಒಬ್ಬರು ಬೇಗ ಮನೆಗೆ. ಇದಕ್ಕಿಂತ ಒಳ್ಳೆ ದಾರಿ ನಮಗೆ ಸಿಕ್ಕಿಲ್ಲ.

ಗುಂಪಿನಿಂದ ಅಪಾಯವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸೋತು ಸುಣ್ಣವಾದ ಅಪ್ಪ ಅಮ್ಮಂದಿರು ಸೇರಿದ ಕಡೆ "ಇದು ಕುಡಿಸಿ, ವಾಸಿಯಾಗುತ್ತೆ" ಅನ್ನುವವರು ಬಂದೇ ಬರುತ್ತಾರೆ. ಆಟಿಸಂ ಕಾಯಿಲೆ ಅಲ್ಲ, ವಾಸಿ ಮಾಡುವ ಔಷಧಿಯೂ ಇಲ್ಲ. ಪವಾಡದ ದ್ರಾವಣ ಅಂತ ಕೆಲವರು ಮಾರುವುದು ಕ್ಲೋರಿನ್ ಡೈಆಕ್ಸೈಡ್, ಅಂದರೆ ಬ್ಲೀಚ್. ಅದನ್ನು ಕುಡಿಯಬೇಡಿ ಅಂತ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಎಚ್ಚರಿಸಿತು. ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಭಯ ಹಬ್ಬಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲೇ ವಾಪಸ್ ತೆಗೆದುಕೊಂಡಿತು. ನಮ್ಮ ಕೂಟದಲ್ಲಿ ಏನನ್ನೂ ಮಾರುವ ಹಾಗಿಲ್ಲ. ಒಬ್ಬರು ಇದಕ್ಕೇ ಮುನಿಸಿಕೊಂಡು ಹೋದರು. ಹೋಗಲಿ ಬಿಡಿ.

ಈಗ "ನಾವು ಏನು ಸಹಾಯ ಮಾಡಬಹುದು" ಅನ್ನುವವರಿಗೆ.

ಬಾಗಿಲ ಹತ್ತಿರ ನಿಲ್ಲಿ. ನಿಜವಾಗಲೂ. ಹೊರಡುವ ದಾರಿ ಸುಲಭ ಇರಬೇಕು ಅಂದೆನಲ್ಲ, ಅದೇ ದಾರಿಯಲ್ಲಿ ಮಗು ಒಂದೇ ಹೋಗಿಬಿಡಬಹುದು. ಆಟಿಸಂ ಇರುವ ಎಷ್ಟೋ ಮಕ್ಕಳು ಇದ್ದಕ್ಕಿದ್ದ ಹಾಗೆ ಎದ್ದು ನಡೆದುಬಿಡುತ್ತಾರೆ. ನೀರು ಕಂಡರೆ ಆ ಕಡೆಗೇ ಹೋಗುವ ಮಕ್ಕಳಿದ್ದಾರೆ, ಹಾಗೆ ಹೋಗಿ ಮುಳುಗಿದ ಮಕ್ಕಳೂ ಇದ್ದಾರೆ. ಆದ್ದರಿಂದ ನಾನು ಯಾವ ಕಾರ್ಯಕ್ರಮಕ್ಕೆ ಹೋದರೂ ಒಂದು ಕಣ್ಣು ಬಾಗಿಲ ಮೇಲೆಯೇ. "ಇನ್ನು ಅರ್ಧ ಗಂಟೆ ಬಾಗಿಲು ನಾನು ನೋಡ್ಕೋತೀನಿ, ನೀವು ಊಟ ಮಾಡಿ" ಅಂತ ಯಾರಾದರೂ ಅಂದರೆ, ಅದಕ್ಕಿಂತ ದೊಡ್ಡ ಉಪಕಾರ ನನಗೆ ತೋಚುವುದಿಲ್ಲ.

ಮಗು ನೆಲಕ್ಕೆ ಬಿದ್ದು ಅತ್ತರೆ ಅದು ಹಠ ಅಲ್ಲ. ಹಠ ಮಾಡುವ ಮಗು ಯಾರಾದರೂ ನೋಡುತ್ತಿದ್ದಾರಾ ಅಂತ ಓರೆಗಣ್ಣಲ್ಲಿ ನೋಡುತ್ತದೆ, ಕೇಳಿದ್ದು ಸಿಕ್ಕಿದ ಕೂಡಲೇ ನಿಲ್ಲಿಸುತ್ತದೆ. ಮೆಲ್ಟ್‌ಡೌನ್, ಅಂದರೆ ತಾಳಲಾರದಷ್ಟಾಗಿ ಮಗು ಕುಸಿದುಬಿಡುವುದು, ಹಾಗಲ್ಲ. ಅಲ್ಲಿ ಮಗುವಿನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಸುತ್ತ ಸೇರಬೇಡಿ, ಮುಟ್ಟಬೇಡಿ, ಫೋನ್ ಎತ್ತಬೇಡಿ. ಹಾಡಿನ ಸದ್ದು ತಗ್ಗಿಸಲು ಯಾರಿಗಾದರೂ ಹೇಳಿ. ಸಲಹೆಯನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ಅವಳನ್ನು ಮಾತಾಡಿಸಿ. ನನ್ನನ್ನು ಕೇಳಿ ಅವಳ ಬಗ್ಗೆ ತಿಳಿದುಕೊಳ್ಳುವವರೇ ಜಾಸ್ತಿ, ಅದೂ ಅವಳ ಮುಂದೆಯೇ. ಅವಳಿಗೆ ಎಲ್ಲ ಕೇಳುತ್ತದೆ. ನೇರ ಕಣ್ಣಿಗೆ ಕಣ್ಣು ಕೊಡಲಿಲ್ಲ ಅಂದರೆ ಗಮನ ಇಲ್ಲ ಅಂತ ಅಲ್ಲ. ಉತ್ತರಕ್ಕೆ ಹತ್ತು ಸೆಕೆಂಡ್ ಕಾಯಬೇಕಾಗಬಹುದು.

ಅವಳ ತಮ್ಮನನ್ನೂ ಕೇಳಿ. ಎಲ್ಲರೂ ಅವನಿಗೆ "ನೀನು ತುಂಬಾ ಒಳ್ಳೆ ಹುಡುಗ, ಅಕ್ಕನನ್ನ ಚೆನ್ನಾಗಿ ನೋಡ್ಕೋತೀಯ" ಅನ್ನುತ್ತಾರೆ. ಅವನಿಗೆ ಎಂಟು ವರ್ಷ. ಯಾರಾದರೂ ಅವನ ಕ್ರಿಕೆಟ್ ಬಗ್ಗೆ ಕೇಳಿದರೆ ಸಾಕು ಅವನಿಗೆ. ಒಂದು ಸಂಜೆ ಅವನೊಬ್ಬನನ್ನೇ ಆಟಕ್ಕೆ ಕರೆದುಕೊಂಡು ಹೋದರೆ ಅದೂ ನಮಗೆ ಮಾಡಿದ ಸಹಾಯವೇ.

ಅಪ್ಪಂದಿರ ಬಗ್ಗೆ ಒಂದು ಮಾತು. ನಾನು ಮೊದಲ ಎರಡು ಕೂಟ ಕಾರಿನ ಹತ್ತಿರವೇ ನಿಂತು ಫೋನ್ ನೋಡಿಕೊಂಡಿದ್ದೆ. ಒಳಗೆ ಹೆಂಗಸರು ಅಳುತ್ತಾರೆ, ನಾನೇನು ಮಾಡಲಿ ಅನ್ನುವ ಲೆಕ್ಕ. ಮೂರನೆಯ ಸಲ ಇನ್ನೊಬ್ಬ ಅಪ್ಪ ತನ್ನ ಕಾರಿಗೆ ಒರಗಿ ನಿಂತಿದ್ದರು. ಇಬ್ಬರೂ ಮಕ್ಕಳ ವಿಷಯ ಬಿಟ್ಟು ಟೈರಿನ ವಿಷಯ ಮಾತಾಡಿದೆವು. ಟೈರಿನಿಂದ ನಿದ್ದೆಗೆ ಬಂತು, ರಾತ್ರಿ ಮೂರಕ್ಕೆ ಏಳುವ ಮಕ್ಕಳಿಗೆ ಬಂತು. ಈಗ ಕುರ್ಚಿ ಹಾಕುವುದು ನಾವಿಬ್ಬರೇ.

ಇಂಥ ಅನುಕೂಲ ದೊಡ್ಡ ಮಟ್ಟದಲ್ಲೂ ಆಗುತ್ತಿದೆ. ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಸೂರ್ಯಕಾಂತಿ ಚಿತ್ರದ ಹಸಿರು ಪಟ್ಟಿ ಶುರುವಾಯಿತು. ಕೊರಳಿಗೆ ಹಾಕಿಕೊಂಡರೆ, ಹೊರಗೆ ಕಾಣದ ತೊಂದರೆ ಇದೆ, ಸ್ವಲ್ಪ ಸಮಯ ಕೊಡಿ ಅಂತ ಸಿಬ್ಬಂದಿಗೆ ಅರ್ಥವಾಗುತ್ತದೆ. ಈಗ ಅದು ಎಷ್ಟೋ ದೇಶಗಳಲ್ಲಿದೆ. ಲೈಟು ಪೂರ್ತಿ ಆರಿಸದೆ, ಸದ್ದು ತಗ್ಗಿಸಿ, ಮಕ್ಕಳು ಎದ್ದು ಓಡಾಡಿದರೂ ಯಾರೂ ಉಸ್ ಅನ್ನದ ಸಿನಿಮಾ ಪ್ರದರ್ಶನಗಳೂ ಹಲವು ಕಡೆ ಇವೆ. ಇವೆಲ್ಲ ಬೇಕು. ಆದರೆ ನಮಗಾಗಿಯೇ ಇಟ್ಟ ಕಾರ್ಯಕ್ರಮಕ್ಕೆ ಮಾತ್ರ ಹೋಗುತ್ತಾ ಇದ್ದರೆ ನಮಗೆ ನಾವೇ ಸಿಗುತ್ತಿರುತ್ತೇವೆ, ಅಲ್ವಾ? ನಿಮ್ಮ ಮನೆಯ ಹುಟ್ಟುಹಬ್ಬವೂ ಬೇಕು.

ಹೋದ ತಿಂಗಳು ಮಗಳ ಕ್ಲಾಸಿನ ಹುಡುಗಿಯ ಅಮ್ಮ ಮೆಸೇಜು ಕಳಿಸಿದ್ದರು. ಮೂರು ಫೋಟೋ: ಹಾಲ್, ಪಕ್ಕದ ಸಣ್ಣ ಕೋಣೆ, ಹಿಂದಿನ ಬಾಗಿಲು. ಕೆಳಗೆ ಬರೆದಿದ್ದರು, "ನಾಲ್ಕೂವರೆಗೆ ಕೇಕ್. ಬಲೂನ್ ಇಲ್ಲ. ಹಾಡು ಹೇಳುವ ಮೊದಲು ನಿಮಗೆ ಸನ್ನೆ ಮಾಡ್ತೀನಿ. ಯಾವಾಗ ಬೇಕಾದರೂ ಹೇಳದೇ ಹೊರಡಿ." ನಾವು ಇಪ್ಪತ್ತೆರಡು ನಿಮಿಷ ಇದ್ದೆವು. ಅದರಲ್ಲಿ ಹದಿನೈದು ನಿಮಿಷ ಅವಳು ಆ ಸಣ್ಣ ಕೋಣೆಯಲ್ಲಿ ಫ್ಯಾನ್ ನೋಡುತ್ತಾ ಕೂತಿದ್ದಳು. ಹುಟ್ಟುಹಬ್ಬದ ಹುಡುಗಿ ಬಂದು ಪಕ್ಕದಲ್ಲಿ ಕೂತು ಅವಳೂ ಸ್ವಲ್ಪ ಹೊತ್ತು ಫ್ಯಾನ್ ನೋಡಿದಳು.