ಇಲ್ಲಿವರೆಗೆ ಸರಿ

ಊರು ಬಿಟ್ಟು ಮುಂಬಯಿಗೆ ಬಂದಾಗ ನನಗೆ ಹನ್ನೆರಡು ವರ್ಷ. ಮೊದಲ ಕೆಲವು ತಿಂಗಳು ಮಾವನ ಮನೆಯಲ್ಲಿದ್ದುಕೊಂಡು ಮರಾಠಿ ಮಾಧ್ಯಮದ ಒಂದು ಹಗಲು ಶಾಲೆಗೆ ಹೋದೆ. ಒಂದು ದಿನ ಅಲ್ಲಿನ ಗುರುಗಳು ‘ಸತ್ತೇಚಾಳೀಸ್’ ಅಂತ ಬೋರ್ಡಿನ ಮೇಲೆ ಬರೆಯಲು ಹೇಳಿದರು. ಏಳು ಮೊದಲು ಕೇಳಿಸಿತು, ಏಳು ಬರೆದೆ. ಆಮೇಲೆ ನಾಲ್ಕು. ನಾವು ನಲವತ್ತೇಳು ಅನ್ನುತ್ತೇವೆ, ಹತ್ತು ಮೊದಲು, ಬಿಡಿ ಆಮೇಲೆ. ಮರಾಠಿಯಲ್ಲಿ ಅದು ತಿರುಗಾಮುರುಗಾ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. 74 ನೋಡಿ ಇಡೀ ಕ್ಲಾಸು ನಕ್ಕಿತು. ಗಣಿತ ನಿನ್ನ ತಲೆಗೆ ಹತ್ತೋದಲ್ಲ ಅಂದು, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಆ ಮಾತನ್ನು ನಾನು ನಂಬಿಬಿಟ್ಟೆ.

ಆಮೇಲೆ ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ಕ್ಲೀನರ್ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಗಣಿತದ ಸರ್ ಹಗಲು ಬ್ಯಾಂಕಿನಲ್ಲಿ ದುಡಿದು ಬರುತ್ತಿದ್ದರು. ಮೊದಲ ವಾರವೇ ‘16 ಇಪ್ಪತ್ತೈದಲ ಎಷ್ಟು?’ ಎಂದು ಕೇಳಿದರು. ಉತ್ತರ ಬಂದ ಕೂಡಲೇ ‘ಸರಿ’ ಅನ್ನಲಿಲ್ಲ. ‘ಹೇಗೆ ಮಾಡಿದೆ, ಹೇಳು’ ಅಂದರು. ಗಲ್ಲಾದ ಹತ್ತಿರ ನಿಂತು ಅಭ್ಯಾಸವಿದ್ದ ಹುಡುಗ, ನಾಲ್ಕು ಇಪ್ಪತ್ತೈದಕ್ಕೆ ನೂರು, ಅಂಥವು ನಾಲ್ಕು ಅಂದ. ಇನ್ನೊಬ್ಬ 250ಕ್ಕೆ 150 ಕೂಡಿಸಿದ್ದ. ಸರ್ ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕದಲ್ಲಿ ಬರೆದರು. ಲೆಕ್ಕಕ್ಕೆ ಎರಡು ದಾರಿ ಇರಬಹುದು ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ಒಂಬತ್ತನೇ ತರಗತಿಯ ಬೀಜಗಣಿತದಲ್ಲಿ ಎ ಕೂಡಿಸು ಬಿ, ಅದರ ವರ್ಗ ಬಂತು. ಎ ವರ್ಗ ಕೂಡಿಸು ಬಿ ವರ್ಗ ಅಂತ ಬರೆದೆ. ಸರ್ ಬೈಯಲಿಲ್ಲ. ‘ತುಂಬಾ ಜನರಿಗೆ ಮೊದಲು ಹೀಗೇ ಅನಿಸುತ್ತೆ. 3 ಮತ್ತು 4 ಹಾಕಿ ನೋಡು.’ ನೋಡಿದೆ. ನನ್ನ ಪ್ರಕಾರ 9, 16 ಸೇರಿ 25. ಆದರೆ ಏಳೇಳಲ 49. ‘ಹಾಗಾದರೆ 24 ಎಲ್ಲಿ ಹೋಯ್ತು? ಹುಡುಕಿಕೊಂಡು ಬಾ’ ಅಂದರು, ಅಷ್ಟೇ. ಅವತ್ತು ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ನೆಲ ಒರೆಸುವಾಗ ಕಣ್ಣು ಟೈಲ್ಸ್ ಮೇಲೆ ಬಿತ್ತು. ಉದ್ದ ಏಳು, ಅಗಲ ಏಳು ಎಣಿಸಿ ಚೌಕ ಮಾಡಿದೆ. ಒಂದು ಮೂಲೆಯಲ್ಲಿ ಮೂರು ಮೂರಲ, ಎದುರು ಮೂಲೆಯಲ್ಲಿ ನಾಲ್ಕು ನಾಲ್ಕಲ. ಉಳಿದದ್ದು ಎರಡು ತುಂಡು, ಒಂದೊಂದರಲ್ಲೂ ಹನ್ನೆರಡು ಟೈಲ್ಸ್. ಎರಡು ಎಬಿ! ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ. ಆ ಸೂತ್ರ ನನಗೆ ಯಾರೂ ಕೊಟ್ಟದ್ದಲ್ಲ, ನಾನೇ ಕಂಡದ್ದು.

ಹಳೆಯ 74ರ ಕಥೆಯನ್ನು ಒಮ್ಮೆ ಸರ್‌ಗೆ ಹೇಳಿದೆ. ‘ನೀನು ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದೀಯ. ಅದು ಭಾಷೆಯ ತೊಡಕು, ಲೆಕ್ಕದ್ದಲ್ಲ’ ಅಂದರು. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 21ಕ್ಕೆ ‘ಏಕವೀಸ್’ ಬದಲು ‘ವೀಸ್ ಏಕ್’ ಅನ್ನುವ ರೀತಿ ಬಂದಾಗ ಮಹಾರಾಷ್ಟ್ರದಲ್ಲಿ ಎಷ್ಟು ಗಲಾಟೆ ಆಯ್ತು, ನೆನಪಿದೆ ಅಲ್ವಾ? ಗಣಿತಜ್ಞೆ ಮಂಗಲಾ ನಾರಳೀಕರ್ ಮಕ್ಕಳಿಗೆ ಇದು ಸುಲಭ ಅಂತ ಗಟ್ಟಿಯಾಗಿ ನಿಂತರು. ಮರಾಠಿಯ ಸೊಗಸು ಕೆಡುತ್ತದೆ ಅಂದವರ ನೋವೂ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಆ ತಾಯಿಯ ಕಡೆಗೇ ಇತ್ತು.

ಸರ್ ನಮ್ಮ ಪುಸ್ತಕಗಳಲ್ಲಿ ತಪ್ಪು ಗುರುತು ಹಾಕಿದ್ದನ್ನು ನಾನು ನೋಡಿಲ್ಲ. ಲೆಕ್ಕ ಎಲ್ಲಿ ದಾರಿ ತಪ್ಪಿತೋ ಅಲ್ಲಿ ಒಂದು ಗೆರೆ ಎಳೆದು, ‘ಇಲ್ಲಿವರೆಗೆ ಸರಿ’ ಅಂತ ಬರೆಯುತ್ತಿದ್ದರು. ಎಷ್ಟೋ ಸಲ ಮೊದಲ ಸಾಲಿನ ಕೆಳಗೇ ಆ ಗೆರೆ ಇರುತ್ತಿತ್ತು. ಆದರೂ ಒಂದು ಸಾಲು ಸರಿ ಇತ್ತಲ್ಲ!

ಎಸ್‌ಎಸ್‌ಸಿಯಲ್ಲಿ ಬೀಜಗಣಿತದ ಕೊನೆಯ ಲೆಕ್ಕ ನನಗೆ ಪೂರ್ತಿ ಬರಲಿಲ್ಲ. ಮೊದಲಿನ ಹುಡುಗ ಆಗಿದ್ದರೆ ಹಾಳೆ ಖಾಲಿ ಬಿಟ್ಟು ಬರುತ್ತಿದ್ದ. ನಾನು ಗೊತ್ತಿದ್ದ ನಾಲ್ಕು ಸಾಲು ಬರೆದೆ, ಕೆಳಗೆ ಒಂದು ಗೆರೆ ಎಳೆದೆ, ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದೆ.