ದೋಹಾದಲ್ಲಿ ಬಿಸಿಲಿಗಿಂತ ಬೆವರಿನದೇ ಕಾಟ

ಫೋನ್ ಮಾಡಿದಾಗಲೆಲ್ಲ ಅವ್ವ ಕೇಳುವುದು ಒಂದೇ. ‘ಬಿಸಿಲು ಎಷ್ಟದ ಅಲ್ಲಿ?’ ನಲವತ್ಮೂರು ಅಂದರೆ, ‘ನಮ್ಮಲ್ಲೂ ಅಷ್ಟೇ ಅದ ಬಿಡಪ’ ಅಂತಾಳೆ. ರಾಯಚೂರಿನವಳು, ಹೆದರುವುದಿಲ್ಲ.

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮದು ಒಣ ಬಿಸಿಲು, ಬೆವರು ಆರುತ್ತೆ, ಮೈ ತಂಪಾಗುತ್ತೆ. ಇಲ್ಲಿ ಆಗಸ್ಟ್‌ನಲ್ಲಿ ಸಮುದ್ರದ ತೇವ ಗಾಳಿಯಲ್ಲೇ ತುಂಬಿಕೊಂಡಿರುತ್ತೆ. ಬೆವರು ಸುರಿಯುತ್ತಲೇ ಇರುತ್ತೆ, ಆರುವುದೇ ಇಲ್ಲ. ನಸುಕಿನ ಐದು ಗಂಟೆಗೆ ಸೂರ್ಯ ಸರಿಯಾಗಿ ಬಂದಿರುವುದಿಲ್ಲ, ಅಷ್ಟರಲ್ಲೇ ಅಂಗಿ ಹಿಂಡಿದರೆ ನೀರು.

ಅದಕ್ಕೇ ನಾವು ಕಟ್ಟಡ ಕಟ್ಟುವ ಸೈಟಿನಲ್ಲಿ ಬರೀ ತಾಪಮಾನ ನೋಡಿದರೆ ಸಾಲದು. ಒಂದು ಕಪ್ಪು ಗುಂಡಿನ ಮೀಟರ್ ಇಡುತ್ತೇವೆ. ಗಾಳಿಯ ಬಿಸಿ, ಬಿಸಿಲಿನ ಕಾವು, ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರ್ ತೋರಿಸುವ ಬಿಸಿ, ಮೂರನ್ನೂ ಸೇರಿಸಿ ಒಂದು ಅಂಕಿ ಕೊಡುತ್ತೆ. ಹತ್ತರಲ್ಲಿ ಏಳು ಪಾಲು ಲೆಕ್ಕ ಆ ಒದ್ದೆ ಬತ್ತಿಯದೇ, ಬೆವರು ಆರುತ್ತೋ ಇಲ್ಲವೋ ಅನ್ನುವುದು ಅದರಲ್ಲೇ ಗೊತ್ತಾಗುತ್ತೆ. ಮೂರೂ ಸೇರಿದ ಆ ಅಂಕಿ 32.1 ದಾಟಿದರೆ ಕತಾರ್‌ನಲ್ಲಿ ಬಯಲಿನ ಕೆಲಸ ನಿಲ್ಲಿಸಲೇಬೇಕು. ಬರೀ ಮೂವತ್ತೆರಡಾ ಅಂತ ನಗಬೇಡಿ, ಇದು ಟಿವಿಯಲ್ಲಿ ಹೇಳುವ ಮೂವತ್ತೆರಡಲ್ಲ.

ಈ ನಿಯಮ ಬಂದದ್ದು 2021ರಲ್ಲಿ. ಅದಕ್ಕೂ ಮೊದಲು ಬೇಸಿಗೆಯಲ್ಲಿ ಹನ್ನೊಂದೂವರೆಯಿಂದ ಮೂರರವರೆಗೆ ಬಿಡುವು ಇತ್ತು. ಈಗ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಬಯಲಿನಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಒಳ್ಳೆಯ ನಿಯಮ. ಆದರೆ ಗಡಿಯಾರ ನೋಡಿಕೊಂಡು ನಾವು ನಿಶ್ಚಿಂತೆಯಾಗಿಬಿಡುತ್ತೇವೆ, ಎಡವುವುದು ಅಲ್ಲೇ.

ಸಿಂಧನೂರಿನ ಕಡೆಯ ಹುಡುಗನೊಬ್ಬ ಎರಡು ತಿಂಗಳು ರಜೆ ಮುಗಿಸಿ ಬಂದ. ಮೊದಲ ದಿನವೇ ಕಬ್ಬಿಣ ಕಟ್ಟುವ ಕೆಲಸಕ್ಕೆ ಹಾಕಿದರು. ಹುಷಾರಪ್ಪ ಅಂದೆ. ‘ಸರ್, ನಾ ಬಿಸಿಲಾಗೇ ಹುಟ್ಟಿದಾಂವ, ಇದೇನ್ ಮಾಡ್ತದ?’ ಅಂದ. ಬೆಳಿಗ್ಗೆ ಒಂಬತ್ತು ಗಂಟೆಗೇ, ಹತ್ತರ ಬಿಡುವಿಗೂ ಮೊದಲೇ, ಫೋರ್‌ಮನ್ ಕೂಗಿದ. ಹೋಗಿ ನೋಡಿದರೆ ಹುಡುಗ ನನ್ನನ್ನು ಅವನ ಅಣ್ಣನ ಹೆಸರಿನಿಂದ ಕರೆಯುತ್ತಿದ್ದಾನೆ, ಎತ್ತು ಕಟ್ಟಿದೆಯಾ ಅಂತ ಕೇಳುತ್ತಿದ್ದಾನೆ. ಮಾತು ತಪ್ಪಿತು ಅಂದರೆ ಬಿಸಿಲು ತಲೆಗೆ ಏರಿದೆ ಅಂತಲೇ ಲೆಕ್ಕ, ಕಾಯುವ ಹಾಗಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿ, ನೆರಳಿಗೆ ಎಳೆದು, ಬಟ್ಟೆ ಬಿಚ್ಚಿ, ಐಸ್ ನೀರು ಸುರಿದು ಫ್ಯಾನ್ ಹಾಕಿದೆವು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಬದುಕಿದ.

ತಪ್ಪು ಅವನದಲ್ಲ. ಹೊಸಬರಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ, ರಜೆಯಿಂದ ಬಂದವರಿಗೂ ಕಡಿಮೆ ಕೆಲಸ, ಆಮೇಲೆ ದಿನಕ್ಕಿಷ್ಟು ಅಂತ ಏರಿಸಬೇಕು ಅನ್ನುವುದು ನನಗೆ ಗೊತ್ತಿತ್ತು. ಅವತ್ತು ಕಾಂಕ್ರೀಟ್‌ ಗಾಡಿ ಬರುವುದಿತ್ತು, ನಾನು ಸುಮ್ನಿದ್ದೆ.

ಇನ್ನೊಂದು ವಿಷಯ. ನಮ್ಮವರು ನೀರು ಕುಡಿಯುವುದಿಲ್ಲ ಅಂತ ಎಷ್ಟೋ ದಿನ ಬೈದೆ. ಒಬ್ಬ ನೇಪಾಳಿ ಅಜ್ಜ (ಅಜ್ಜ ಅಂದರೆ ಐವತ್ತು) ಮೆಲ್ಲಗೆ ಹೇಳಿದ, ‘ಸಾಬ್, ಟಾಯ್ಲೆಟ್ ಬಹಳ ದೂರ.’ ಹತ್ತು ಮಹಡಿ ಇಳಿದು, ಸೈಟಿನ ಆ ತುದಿಗೆ ಹೋಗಿ ಬರಬೇಕು. ಯಾರು ಕುಡಿಯುತ್ತಾರೆ? ನಡುವಿನ ಮಹಡಿಯಲ್ಲಿ ಒಂದು ಟಾಯ್ಲೆಟ್ ಇಡಿಸಿದ ವಾರಕ್ಕೆ ನೀರಿನ ಡ್ರಮ್ಮು ಮಧ್ಯಾಹ್ನಕ್ಕೇ ಖಾಲಿ. ಗೋಡೆಗೆ ಮೂತ್ರದ ಬಣ್ಣದ ಚಾರ್ಟ್ ಅಂಟಿಸಿದ್ದೇವೆ, ಬಣ್ಣ ಗಾಢವಾದರೆ ನೀರು ಕಡಿಮೆಯಾಗಿದೆ ಅಂತ. ‘ಇವತ್ತು ನಂದು ಚಾರ್ಟ್‌ನಲ್ಲಿ ಎರಡನೇ ನಂಬರ್, ತಿಳಿ ಬಣ್ಣ’ ಅಂತ ಈಗ ಪೈಪೋಟಿ ಬೇರೆ.

ಹೋದ ಏಪ್ರಿಲ್‌ನಲ್ಲಿ ಊರಲ್ಲಿ ನಮ್ಮ ಮನೆ ಕಟ್ಟಿಸುತ್ತಿದ್ದೆವು. ನಮ್ಮ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೇ ಮುಗಿಯುತ್ತೆ, ಅಲ್ವಾ? ಫ್ಯಾನ್ ಕೆಳಗೆ ಕೂತವರಿಗೆ ಆ ಅನುಕೂಲ, ಕಚೇರಿ ಎದುರಿಗೇ ಗಾರೆ ಹೊರುವವರಿಗೆ ಇಲ್ಲ. ತಮ್ಮನಿಗೆ ಹೇಳಿದೆ, ಹನ್ನೆರಡರಿಂದ ನಾಲ್ಕು ಕೆಲಸ ಬೇಡ. ‘ಅಣ್ಣಾ, ಕೂಲಿ ಪೂರ್ತಿ ಕೊಡಬೇಕಲ್ಲ’ ಅಂದ. ಕೊಡು, ನಾನು ಕಳಿಸ್ತೀನಿ ಅಂದೆ.

ಮರುದಿನ ಫೋಟೋ ಕಳಿಸಿದ. ಹಸಿರು ಬಲೆ ಕಟ್ಟಿದ್ದಾರೆ, ಕೆಳಗೆ ಎರಡು ಮಣ್ಣಿನ ಕೊಡ. ಹಿಂದೆ ಸ್ಲ್ಯಾಬ್ ಅಂಚಿನಲ್ಲಿ ನಿಂತ ಮೇಸ್ತ್ರಿ ನಗುತ್ತಿದ್ದಾನೆ. ಕಾಲಲ್ಲಿ ಹವಾಯಿ ಚಪ್ಪಲಿ. ಮತ್ತೆ ಫೋನ್ ಹಚ್ಚಿದೆ.